ಸಂಯಮಬೋಧೆಯೊಂದೇ ಸಾಕೆ? ಹದಿಹರೆಯದವರ ಲೈಂಗಿಕ ಶಿಕ್ಷಣವನ್ನು ಕುರಿತು ಒಂದು ವಿಚಾರ

೧

ಹದಿಹರೆಯದ ಮಕ್ಕಳಿಗೆ ಲೈಂಗಿಕ ವಿಷಯಗಳನ್ನು ಕಲಿಸಬೇಕೆ, ಕಲಿಸುವುದಾದರೆ ಏನನ್ನು, ಎಷ್ಟನ್ನು, ಯಾರು ಕಲಿಸಬೇಕು ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಮತ್ತೆ ಮತ್ತೆ ಏಳುತ್ತದೆ. ಕೆಲವು ದಿನ ಪತ್ರಿಕೆಗಳಲ್ಲಿಯೂ ವಿಧಾನಮಂಡಲಗಳಲ್ಲಿಯೂ ಸದ್ದುಮಾಡಿ, ಉತ್ತರ ದೊರೆಯುವ ಮೊದಲೇ ಅಡಗಿಹೋಗುತ್ತದೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಪ್ರಶ್ನೆ ಇಮ್ಮಡಿಯಾಗಿ ಸಂಬಂಧಿಸಿದುದು. ನಾವು ಬಿಟ್ಟುಬಂದ ಕರ್ನಾಟಕವೂ ನಾವು ಬಾಳುತ್ತಿರುವ ಮಹಾರಾಷ್ಟ್ರವೂ ೨೦೦೭ನೆಯ ಇಸವಿಯಲ್ಲಿ, ಒಂದೇ ವರ್ಷದೊಳಗೆ, ಈ ಶಿಕ್ಷಣವನ್ನು ಶಾಲೆಗಳಲ್ಲಿ ತಡೆದವು. ಆದ್ದರಿಂದ ವಿವಾದದ ಎರಡು ಪಕ್ಷಗಳನ್ನೂ ಸಮಾಧಾನಚಿತ್ತದಿಂದ ತೂಗಿ ನೋಡುವುದು ಅನುಚಿತವಾಗಲಾರದು.

ಮೊದಲನೆಯ ಪಕ್ಷದವರದು ಸಂಯಮಬೋಧೆ. ಮದುವೆಯವರೆಗೆ ಬ್ರಹ್ಮಚರ್ಯವನ್ನು ಪಾಲಿಸಬೇಕೆಂಬುದನ್ನಷ್ಟೇ ಮಕ್ಕಳಿಗೆ ಹೇಳಬೇಕು; ಗರ್ಭನಿರೋಧ, ರೋಗನಿವಾರಣೆ ಮೊದಲಾದವನ್ನು ವಿವರಿಸಿದರೆ ಅದೇ ಪ್ರಚೋದನೆಯಾದೀತು ಎಂದು ಅವರ ಮತ. ಎರಡನೆಯವರದು ಸಮಗ್ರ ಶಿಕ್ಷಣ. ಶರೀರದ ಬೆಳವಣಿಗೆ, ಸಂತಾನೋತ್ಪತ್ತಿ, ಸ್ತ್ರೀಪುರುಷರ ಪರಸ್ಪರ ಗೌರವ, ಒಪ್ಪಿಗೆಯ ಅರ್ಥ, ರೋಗ ಮತ್ತು ಗರ್ಭಗಳಿಂದ ರಕ್ಷಣೆ, ಕಾನೂನು ಇವೆಲ್ಲವನ್ನೂ ವಯಸ್ಸಿಗೆ ತಕ್ಕಂತೆ ತಿಳಿಸಬೇಕೆಂದು ಅವರ ವಾದ. ಎಳೆಯ ವಯಸ್ಸಿನಲ್ಲಿ ಲೈಂಗಿಕ ಸಂಬಂಧವನ್ನು ಮುಂದೂಡುವುದು ಹಿತವೆಂಬುದನ್ನು ಈ ಎರಡನೆಯ ಪಕ್ಷದವರೂ ಒಪ್ಪುತ್ತಾರೆ, ಪಾಠದಲ್ಲಿ ಹೇಳುತ್ತಾರೆ. ಹೀಗಿರುವಾಗ ಜಗಳವಿರುವುದು ‘ಸಂಯಮ’ ಎಂಬ ಮಾತಿನಲ್ಲಲ್ಲ, ಅದಕ್ಕೆ ಅಂಟಿಕೊಂಡಿರುವ ‘ಮಾತ್ರ’ ಎಂಬ ಮಾತಿನಲ್ಲಿ. ಇಷ್ಟು ಸ್ಪಷ್ಟವಾದರೆ ವಿವಾದದ ಅರ್ಧ ಭಾಗ ತಾನಾಗಿಯೇ ಕರಗುತ್ತದೆ.

೨

ಈ ಚರ್ಚೆ ಪಶ್ಚಿಮದಿಂದ ಆಮದಾದುದೆಂದು ಹಲವರು ತಿಳಿದಿದ್ದಾರೆ. ಚರಿತ್ರೆ ಬೇರೆ ಮಾತು ಹೇಳುತ್ತದೆ. ಮಹರ್ಷಿ ಧೋಂಡೊ ಕೇಶವ ಕರ್ವೆಯವರ ಪುತ್ರ ರಘುನಾಥ ಧೋಂಡೊ ಕರ್ವೆಯವರು ೧೯೨೧ರಲ್ಲಿಯೇ ಮುಂಬಯಿಯಲ್ಲಿ ಸಂತತಿನಿಯಮನದ ಕೇಂದ್ರವೊಂದನ್ನು ತೆರೆದರು. ಗಣಿತದ ಪ್ರಾಧ್ಯಾಪಕರಾಗಿದ್ದ ಅವರು ಈ ಪ್ರಚಾರಕ್ಕಾಗಿ ಉದ್ಯೋಗವನ್ನೇ ಬಿಡಬೇಕಾಯಿತು. ೧೯೨೭ರಲ್ಲಿ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಮಾಸಪತ್ರಿಕೆಯನ್ನು ಹೊರಡಿಸಿ, ೧೯೫೩ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಓದುಗರ ಪ್ರಶ್ನೆಗಳಿಗೆ ಅದರಲ್ಲಿ ಕೊಟ್ಟ ಉತ್ತರಗಳು ಅಶ್ಲೀಲವೆಂದು ೧೯೩೪ರಲ್ಲಿ ಮೊಕದ್ದಮೆ ನಡೆದಾಗ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡಕರರು. ಆದರೂ ದಂಡ ತಪ್ಪಲಿಲ್ಲ.

ಅದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನ ಇನ್ನೊಂದು ಹೆಜ್ಜೆ ಇಟ್ಟಿತ್ತು. ೧೯೩೦ರಲ್ಲಿ ಅಲ್ಲಿನ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತತಿನಿಯಮನ ಚಿಕಿತ್ಸಾಲಯಗಳಿಗೆ ಅನುಮತಿಯಿತ್ತಿತು. ಸರ್ಕಾರವೇ ಮುಂದಾಗಿ ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲಿನವೆಂದು ಪರಿಗಣಿತವಾಗಿವೆ. ಇನ್ನೊಂದು ಕಡೆ ಮಹಾತ್ಮಾ ಗಾಂಧಿಯವರು ಸಂಯಮಪಕ್ಷದ ಅತ್ಯಂತ ದೊಡ್ಡ ವಕ್ತಾರರಾಗಿದ್ದರು. ೧೯೩೫ರ ಡಿಸೆಂಬರಿನಲ್ಲಿ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ವರ್ಧಾಕ್ಕೆ ಬಂದು ಅವರೊಡನೆ ಚರ್ಚಿಸಿದಾಗಲೂ, ಕೃತಕ ಸಾಧನಗಳಿಗಿಂತ ಆತ್ಮನಿಗ್ರಹವೇ ಮಾರ್ಗವೆಂಬ ನಿಲುವನ್ನು ಅವರು ಸಡಿಲಿಸಲಿಲ್ಲ. ಸ್ವಾತಂತ್ರ್ಯದ ನಂತರ, ೧೯೪೯ರಲ್ಲಿ, ಮುಂಬಯಿಯಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದ ಶ್ರೀಮತಿ ಧನ್ವಂತಿ ರಾಮರಾವ್ ಅವರು ಕಾಶ್ಮೀರಿ ಮನೆತನದವರಾದರೂ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಅವರ ಪತಿ ಬೆನೆಗಲ್ ರಾಮರಾಯರು ಅದೇ ವರ್ಷ ರಿಸರ್ವ್ ಬ್ಯಾಂಕಿನ ಗವರ್ನರರಾದರು.

ಇಷ್ಟನ್ನು ಹೇಳಿದುದರ ಉದ್ದೇಶ ಒಂದೇ. ಸಂಯಮವೂ ನಮ್ಮದೇ, ತಿಳಿವಳಿಕೆಯೂ ನಮ್ಮದೇ. ಒಂದನ್ನು ಸ್ವದೇಶಿಯೆಂದೂ ಇನ್ನೊಂದನ್ನು ಪರದೇಶಿಯೆಂದೂ ವಿಂಗಡಿಸುವುದು ಇತಿಹಾಸಕ್ಕೆ ಸಮ್ಮತವಲ್ಲ. ಆದರೆ ಆ ಹಿರಿಯರ ವಾದವೆಲ್ಲ ಬಹುಮಟ್ಟಿಗೆ ದಂಪತಿಗಳನ್ನು ಕುರಿತಾದುದು. ಶಾಲೆಯ ಮಕ್ಕಳ ಪ್ರಶ್ನೆ ಮುನ್ನೆಲೆಗೆ ಬಂದುದು ಏಡ್ಸ್ ರೋಗದ ಭೀತಿ ಹಬ್ಬಿದ ಮೇಲೆ.

೩

ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯವೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ಸೇರಿ ೨೦೦೫ರಲ್ಲಿ ‘ಹದಿಹರೆಯ ಶಿಕ್ಷಣ ಕಾರ್ಯಕ್ರಮ’ವನ್ನು ರೂಪಿಸಿದವು. ಪ್ರೌಢಶಾಲೆಯ ಮಕ್ಕಳಿಗೆ ಪಠ್ಯದ ಜೊತೆಗೆ ಕೆಲವು ಗಂಟೆಗಳ ಪಾಠ, ಅದಕ್ಕಾಗಿ ಶಿಕ್ಷಕರ ತರಬೇತಿ, ಚಿತ್ರಪಟಗಳು ಇವು ಅದರ ಅಂಗಗಳು. ೨೦೦೭ರಲ್ಲಿ ವಿರೋಧ ಭುಗಿಲೆದ್ದಿತು. ಚಿತ್ರಗಳು ಅತಿಯಾಗಿವೆ, ವಿವರಣೆ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ ಎಂಬ ಆಕ್ಷೇಪ ಬಂದು ಮಹಾರಾಷ್ಟ್ರ, ಕರ್ನಾಟಕ, ಮಧ್ಯಪ್ರದೇಶ, ಗುಜರಾತ, ರಾಜಸ್ಥಾನ ಮೊದಲಾದ ರಾಜ್ಯಗಳು ಕಾರ್ಯಕ್ರಮವನ್ನು ತಡೆದವು. ಇವುಗಳ ಪೈಕಿ ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡೂ ಆಗ ದೇಶದಲ್ಲಿ ಎಚ್‌ಐವಿ ಸೋಂಕು ಅಧಿಕವಾಗಿದ್ದ ಆರು ರಾಜ್ಯಗಳಲ್ಲಿ ಸೇರಿದ್ದವೆಂಬುದನ್ನು ಮರೆಯಲಾಗದು.

ಅನಂತರ ವಿಷಯ ಸಂಸತ್ತಿನ ಮೆಟ್ಟಿಲೇರಿತು. ಶ್ರೀ ವೆಂಕಯ್ಯ ನಾಯ್ಡು ಅವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿ ಸಮಿತಿ ೨೦೦೯ರಲ್ಲಿ ವರದಿಯನ್ನೊಪ್ಪಿಸಿತು. ಮದುವೆಗೆ ಮುಂಚೆ ಲೈಂಗಿಕ ಸಂಬಂಧ ಸಲ್ಲದೆಂಬ ಸಂದೇಶವನ್ನು ಮಕ್ಕಳಿಗೆ ಕೊಡಬೇಕು, ಶರೀರಶಾಸ್ತ್ರದ ವಿವರಗಳನ್ನು ಜೀವಶಾಸ್ತ್ರದ ಪಾಠದಲ್ಲಿ ಹತ್ತನೆಯ ತರಗತಿಯ ನಂತರವಷ್ಟೇ ಕಲಿಸಬೇಕು ಎಂಬುದು ಅದರ ಸಾರ. ಸಂಯಮಬೋಧೆಯ ಪಕ್ಷಕ್ಕೆ ನಮ್ಮ ದೇಶದಲ್ಲಿ ದೊರೆತ ಅತ್ಯಂತ ಅಧಿಕೃತವಾದ ನಿರೂಪಣೆ ಇದೇ ಎನ್ನಬಹುದು.

ಈ ಪಕ್ಷದವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ತರಬೇತಿಯಿಲ್ಲದ ಶಿಕ್ಷಕನ ಕೈಯಲ್ಲಿ ಒರಟು ಚಿತ್ರಪಟವನ್ನು ಕೊಟ್ಟು ಅರವತ್ತು ಮಕ್ಕಳ ಮುಂದೆ ನಿಲ್ಲಿಸಿದರೆ ಆಗುವುದು ಪಾಠವಲ್ಲ, ಪರಿಹಾಸ. ತಂದೆತಾಯಿಗಳನ್ನು ಒಂದು ಮಾತೂ ಕೇಳದೆ ಮಾಡಿದ ವ್ಯವಸ್ಥೆಯ ಮೇಲೆ ಅವರಿಗೆ ಶಂಕೆಯುಂಟಾಗುವುದೂ ಸಹಜ. ಆದರೆ ವಿಧಾನದ ದೋಷಕ್ಕೆ ವಿಧಾನವನ್ನು ತಿದ್ದುವುದು ಮದ್ದು; ವಿಷಯವನ್ನೇ ಬಿಟ್ಟುಬಿಡುವುದಲ್ಲ.

೪

‘ಮಾತ್ರ’ ಎಂಬ ಮಾತನ್ನು ಪ್ರಯೋಗಕ್ಕೊಡ್ಡಿ ನೋಡಿದ ದೇಶ ಅಮೆರಿಕ. ಅಲ್ಲಿ ೧೯೯೬ರ ಕಾನೂನೊಂದು ಸಂಯಮಬೋಧೆಗೆಂದೇ ವರ್ಷಕ್ಕೆ ೫ ಕೋಟಿ ಡಾಲರುಗಳನ್ನು ಮೀಸಲಿಟ್ಟಿತು. ಅಲ್ಲಿನ ಸಂಸತ್ತಿನ ಆದೇಶದಂತೆ ನಡೆದ ಮೌಲ್ಯಮಾಪನ ೨೦೦೭ರಲ್ಲಿ ಪ್ರಕಟವಾಯಿತು. ನಾಲ್ಕು ಕಾರ್ಯಕ್ರಮಗಳಿಗೆ ಸಂಬಂಧಿಸಿದ ಎರಡು ಸಾವಿರಕ್ಕೂ ಮಿಕ್ಕ ಮಕ್ಕಳನ್ನು ಕೆಲವು ವರ್ಷಗಳ ನಂತರ ವಿಚಾರಿಸಿದಾಗ, ಬೋಧೆ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಸಂಯಮದಿಂದ ಉಳಿದವರ ಪ್ರಮಾಣ ಒಂದೇ, ಸುಮಾರು ಅರ್ಧದಷ್ಟು. ಬೋಧೆಯಿಂದ ಕೇಡಾಯಿತೆಂದು ಆ ವರದಿ ಹೇಳಲಿಲ್ಲ. ಗುಣವಾಗಲಿಲ್ಲವೆಂದು ಮಾತ್ರ ಹೇಳಿತು. ಸಮಗ್ರ ಶಿಕ್ಷಣದಿಂದ ಮಕ್ಕಳು ಬೇಗನೆ ಹಾದಿ ತಪ್ಪುತ್ತಾರೆಂಬ ಭಯವನ್ನೂ ಅನೇಕ ದೇಶಗಳ ಅಧ್ಯಯನಗಳು ಸಮರ್ಥಿಸಿಲ್ಲ. ೨೦೧೮ರಲ್ಲಿ ಪರಿಷ್ಕೃತವಾದ ಯುನೆಸ್ಕೊ ಮಾರ್ಗದರ್ಶಿ ಪಾಠವನ್ನು ಐದನೆಯ ವಯಸ್ಸಿನಿಂದ ಮೊದಲುಗೊಂಡು ನಾಲ್ಕು ಹಂತಗಳಲ್ಲಿ ಹಂಚಿದೆ. ಐದರ ಮಗುವಿಗೆ ಅಲ್ಲಿ ಹೇಳುವುದರಲ್ಲಿ ಮೈಯ ಅಂಗಗಳ ಹೆಸರು, ತನ್ನ ಮೈ ತನ್ನದೆಂಬ ಅರಿವು ಮೊದಲಾದ ವಯಸ್ಸಿಗೆ ತಕ್ಕ ವಿಷಯಗಳು ಸೇರಿವೆ.

ಅಮೆರಿಕದ ಮಾತು ನಮಗೇಕೆ ಎನ್ನುವವರಿಗಾಗಿ ನಮ್ಮ ಮನೆಯ ಲೆಕ್ಕವನ್ನೇ ತೆಗೆಯೋಣ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (೨೦೧೯-೨೧) ಹೇಳುವಂತೆ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಮಹಾರಾಷ್ಟ್ರದಲ್ಲಿ ನೂರಕ್ಕೆ ೨೧.೯, ಕರ್ನಾಟಕದಲ್ಲಿ ೨೧.೩. ಐದು ಮಂದಿಯಲ್ಲಿ ಒಬ್ಬಳಾಯಿತು. ಮದುವೆಯವರೆಗೆ ತಡೆದುಕೋ ಎಂಬ ಬೋಧೆ ಈ ಹುಡುಗಿಗೆ ಏನನ್ನು ಕೊಟ್ಟಂತಾಯಿತು? ಅವಳು ಆ ಬೋಧೆಯನ್ನು ಮೀರಲಿಲ್ಲ, ಅಕ್ಷರಶಃ ಪಾಲಿಸಿದಳು. ಆದರೆ ಹನ್ನೊಂದನೆಯ ತರಗತಿಯ ಜೀವಶಾಸ್ತ್ರದ ಪುಸ್ತಕವನ್ನು ತೆರೆಯುವ ಮೊದಲೇ ಬಸುರಿಯಾಗಬಹುದು.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣವಾದುದು. ರಾಜ್ಯಗಳು ಪಾಠವನ್ನು ತಡೆದ ಅದೇ ೨೦೦೭ರಲ್ಲಿ ಕೇಂದ್ರದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಸಚಿವಾಲಯ ಹದಿಮೂರು ರಾಜ್ಯಗಳ ೧೨,೪೪೭ ಮಕ್ಕಳನ್ನು ವಿಚಾರಿಸಿ ವರದಿಯೊಂದನ್ನು ಪ್ರಕಟಿಸಿತು. ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡನೆಗೆ ಈಡಾಗಿದ್ದೇವೆಂದು ಹೇಳಿದವರು ನೂರಕ್ಕೆ ೫೩.೨೨. ಪೀಡಿಸಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು ಇಲ್ಲವೇ ನಂಬಿಕೆಯ ಸ್ಥಾನದಲ್ಲಿದ್ದವರು. ಸಂಯಮ ಎಂಬುದು ತನ್ನ ಇಚ್ಛೆಯಿಂದ ನಡೆಯುವವನಿಗೆ ಹೇಳುವ ಮಾತು. ಇಚ್ಛೆಗೆ ಅವಕಾಶವೇ ಇಲ್ಲದ ಮಗುವಿಗೆ ಬೇಕಾದುದು ಉಪದೇಶವಲ್ಲ. ನಡೆದುದನ್ನು ಹೇಳಲು ಒಂದು ಮಾತು, ಕೇಳಿಸಿಕೊಳ್ಳಲು ಒಬ್ಬ ಹಿರಿಯ.

ಕಾನೂನಿನ ಸಂಗತಿಯೂ ಹೀಗೆಯೇ. ೨೦೧೨ರ ಪೋಕ್ಸೊ ಕಾಯಿದೆಯಂತೆ ಹದಿನೆಂಟು ತುಂಬದವರ ಒಪ್ಪಿಗೆ ಒಪ್ಪಿಗೆಯಲ್ಲ. ಪರಸ್ಪರ ಒಲಿದ ಹದಿನೇಳರ ಹುಡುಗ ಹುಡುಗಿಯರಿಗೆ ಇದು ಗೊತ್ತಾಗುವುದು ಪೋಲೀಸ್ ಠಾಣೆಯಲ್ಲಿ. ಇದನ್ನು ಮನಗಂಡೇ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠ ೨೦೨೨ರ ನವೆಂಬರಿನಲ್ಲಿ, ಒಂಬತ್ತನೆಯ ತರಗತಿಯಿಂದ ಈ ಕಾಯಿದೆಯ ತಿಳಿವಳಿಕೆ ಕೊಡಲು ಪಾಠಸಾಮಗ್ರಿಯನ್ನು ಸಿದ್ಧಪಡಿಸಬೇಕೆಂದು ಶಿಕ್ಷಣ ಇಲಾಖೆಗೆ ನಿರ್ದೇಶವಿತ್ತಿತು. ೨೦೨೪ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಲೈಂಗಿಕ ಶಿಕ್ಷಣವನ್ನು ಕುರಿತ ತಪ್ಪು ಕಲ್ಪನೆಗಳನ್ನು ನಿವಾರಿಸಬೇಕೆಂದಿತು. ೨೦೦೭ರಲ್ಲಿ ಬಾಗಿಲು ಮುಚ್ಚಿದ ಕರ್ನಾಟಕವೇ ೨೦೨೫ರ ಮಾರ್ಚಿಯಲ್ಲಿ ಎಂಟರಿಂದ ಹನ್ನೆರಡನೆಯ ತರಗತಿಯವರೆಗೆ ಈ ಶಿಕ್ಷಣವನ್ನು ಕೊಡುವುದಾಗಿ ಘೋಷಿಸಿತು.

ಬ್ಯಾಂಕಿನ ಕೆಲಸದಲ್ಲಿರುವವನಿಗೆ ಒಂದು ಹೋಲಿಕೆ ಸಹಜವಾಗಿ ಹೊಳೆಯುತ್ತದೆ. ‘ನಿಮ್ಮ ಗುಪ್ತಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂದು ನಾವು ಗ್ರಾಹಕರಿಗೆ ನಿತ್ಯವೂ ಎಚ್ಚರಿಸುತ್ತೇವೆ. ಮಾತು ಸರಿಯಾದುದೇ. ಆದರೆ ಮೋಸಗಾರ ಯಾವ ವೇಷದಲ್ಲಿ ಬರುತ್ತಾನೆ, ಏನು ಹೇಳಿ ನಂಬಿಸುತ್ತಾನೆ, ಮೋಸಹೋದ ಮೇಲೆ ಯಾರಿಗೆ ತಿಳಿಸಬೇಕು ಎಂಬುದನ್ನು ವಿವರಿಸದಿದ್ದರೆ ಆ ಎಚ್ಚರಿಕೆ ಗೋಡೆಯ ಮೇಲಿನ ಫಲಕವಾಗಿಯೇ ಉಳಿಯುತ್ತದೆ.

೫

ಇನ್ನು ಹೊರನಾಡಿನ ಕನ್ನಡಿಗರಾದ ನಮಗೇ ವಿಶೇಷವಾದ ತೊಡಕೊಂದನ್ನು ಹೇಳಬೇಕು. ಅದು ಭಾಷೆಯದು.

ಡೊಂಬಿವಲಿಯಲ್ಲಿಯೋ ಐರೋಳಿಯಲ್ಲಿಯೋ ಬೆಳೆಯುವ ಕನ್ನಡದ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು ಆಡುತ್ತದೆ. ದೇಹದ ವಿಷಯಕ್ಕೆ ಬಂದಾಗ ಇಂಗ್ಲಿಷಿನ ಪದ ಪರೀಕ್ಷೆಗೆ. ಬೀದಿಯ ಪದ ಬೈಗುಳಕ್ಕೆ. ಕನ್ನಡದ ಪದವೋ ಮಗುವಿಗೆ ತಿಳಿದೇ ಇಲ್ಲ. ಮುಟ್ಟು, ಮೈನೆರೆಯುವುದು, ಬಸಿರು, ಹೆರಿಗೆ ಇಂತಹ ನಿರ್ಮಲವಾದ ಅಚ್ಚಗನ್ನಡದ ಮಾತುಗಳು ಹೆಣ್ಣಿನ ಬಾಳಿಗೆ ಸಂಬಂಧಿಸಿದಂತೆ ನಮ್ಮಲ್ಲಿ ಇವೆ. ಆದರೆ ಗಂಡುಮಗನ ಬೆಳವಣಿಗೆಗೆ ಮನೆಮಾತಿಲ್ಲ. ಗುಹ್ಯಾಂಗಗಳಿಗೆ ಇರುವುದು ಒಂದೋ ಗ್ರಂಥಸ್ಥವಾದ ಸಂಸ್ಕೃತ, ಇಲ್ಲವೇ ಹೊಲಸು ಬೈಗುಳ. ನಡುವಿನ, ತಾಯಿ ಮಗುವಿನೊಡನೆ ಸಂಕೋಚವಿಲ್ಲದೆ ಆಡಬಲ್ಲ ಪದ ನಮ್ಮ ಬಳಕೆಯಲ್ಲಿ ನಿಂತಿಲ್ಲ. ಅಪ್ಪ ಅಮ್ಮ ಬೆಳಗಿನ ಲೋಕಲ್ ಗಾಡಿ ಹಿಡಿದು ಹೋಗಿ ರಾತ್ರಿ ಮರಳುವ ಮನೆಗಳಲ್ಲಿ ಮಗುವಿನ ಬಳಿ ಇರುವವಳು ಊರಿಂದ ಬಂದ ಅಜ್ಜಿ. ಅವಳಿಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು. ನೊಂದ ಮಗು ಅಜ್ಜಿಗೆ ಏನೆಂದು ಹೇಳೀತು? ಕೈಯಲ್ಲಿರುವ ಮೊಬೈಲು ಮಾತ್ರ ಯಾವ ಸಂಕೋಚವೂ ಇಲ್ಲದೆ ಎಲ್ಲವನ್ನೂ ತೋರಿಸುತ್ತದೆ. ಅದರಲ್ಲಿ ಸಂಯಮವೂ ಇಲ್ಲ, ತಿಳಿವಳಿಕೆಯೂ ಇಲ್ಲ.

ಕನ್ನಡ ಬಡಭಾಷೆಯಾಗಿದ್ದು ಹೀಗಾಯಿತೆನ್ನುವಂತಿಲ್ಲ. ಹನ್ನೊಂದನೆಯ ಶತಮಾನದಲ್ಲಿಯೇ ಚಂದ್ರರಾಜ ‘ಮದನತಿಲಕ’ವನ್ನು ಬರೆದ, ಜನ್ನನ ‘ಅನುಭವಮುಕುರ’, ಕಲ್ಲರಸನ ‘ಜನವಶ್ಯ’ ಅನಂತರ ಬಂದವು. ಅವು ರಸಿಕರಾದ ಪ್ರೌಢರಿಗೆ. ನಮ್ಮ ಕಾಲದಲ್ಲಿ ಡಾ. ಅನುಪಮಾ ನಿರಂಜನರು ವೈದ್ಯೆಯ ಅನುಭವದಿಂದ ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ಗಳನ್ನು ತಿಳಿಗನ್ನಡದಲ್ಲಿ ಕೊಟ್ಟರು. ಹೆಸರುಗಳೇ ಹೇಳುವಂತೆ ಅವು ವಧುವಿಗೆ, ದಂಪತಿಗಳಿಗೆ, ತಾಯಂದಿರಿಗೆ. ಹದಿಮೂರರ ಮಗುವನ್ನು ಎದುರಿಗೆ ಕೂರಿಸಿಕೊಂಡು ಆಡುವ ಕನ್ನಡ ಇನ್ನೂ ಬೆಳೆಯಬೇಕಾಗಿದೆ. ಹಿಂದೆ ಹುಡುಗಿ ದೊಡ್ಡವಳಾದಾಗ ಆರತಿಯೆತ್ತಿ ಹಾಡಿ ಇಡೀ ಕೇರಿಗೆ ಸುದ್ದಿಯನ್ನು ಹಂಚುತ್ತಿದ್ದರು. ಆದದ್ದೇನೆಂಬುದನ್ನು ಹುಡುಗಿಗೆ ಮಾತ್ರ ಯಾರೂ ಹೇಳುತ್ತಿರಲಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತ ನಮ್ಮ ಹಿಂದಿನ ಪೀಳಿಗೆಯ ಹುಡುಗರೂ ತಂದೆತಾಯಿಗಳಿಂದ ದೂರವಿದ್ದು, ಈ ಪಾಠವನ್ನು ಓರಗೆಯವರ ಪಿಸುಮಾತಿನಿಂದಲೇ ಕಲಿತರು. ಆ ರಾತ್ರಿಶಾಲೆಗಳನ್ನು ಕಟ್ಟಿದ್ದು ಕನ್ನಡಿಗರ ಸಂಘಗಳು. ಅಕ್ಷರವನ್ನು ಕೊಟ್ಟ ಸಂಸ್ಥೆಗಳಿಗೆ ಈ ಅರಿವನ್ನು ಕೊಡುವುದು ಅಸಾಧ್ಯವಲ್ಲ.

೬

ಆದ್ದರಿಂದ ಮೂರು ಸೂಚನೆಗಳನ್ನು ವಾಚಕರ ಮುಂದಿಡಬಹುದು. ಒಂದು, ಪಾಠ ಮಕ್ಕಳಿಂದಲ್ಲ, ತಂದೆತಾಯಿಗಳಿಂದ ಆರಂಭವಾಗಲಿ. ಈ ನಾಲ್ಕು ಊರುಗಳಲ್ಲಿ ಕನ್ನಡ ಬಲ್ಲ ವೈದ್ಯರಿಗೆ ಕೊರತೆಯಿಲ್ಲ, ಸಂಘಗಳ ಸಭಾಗೃಹಗಳಿಗೂ ಕೊರತೆಯಿಲ್ಲ. ಎರಡು, ವೈದ್ಯರೂ ಭಾಷಾತಜ್ಞರೂ ತಾಯಂದಿರೂ ಕೂಡಿ, ಮನೆಯಲ್ಲಿ ಬಳಸಬಹುದಾದ ಪದಗಳ ಚಿಕ್ಕ ಕೋಶವೊಂದನ್ನು ಸಿದ್ಧಪಡಿಸಲಿ; ಊರೂರಿನ ಕನ್ನಡದಲ್ಲಿ ಬಳಕೆಯಲ್ಲಿರುವ ಸಭ್ಯವಾದ ಮಾತುಗಳನ್ನು ಅಜ್ಜಿಯರಿಂದ ಕೇಳಿಯೇ ಸಂಗ್ರಹಿಸಬಹುದು. ಮೂರು, ಸಂಯಮದ ಮಾತನ್ನು ಯಾರೂ ಕೈಬಿಡಬೇಕಾಗಿಲ್ಲ. ಗಾಂಧೀಜಿಯವರ ಸಂಯಮ ಅಜ್ಞಾನದ ಮೇಲೆ ನಿಂತುದಲ್ಲ; ತಿಳಿದು, ಆಲೋಚಿಸಿ, ಆರಿಸಿಕೊಂಡುದು. ತಿಳಿಯದವನು ತಡೆದುಕೊಂಡರೆ ಅದು ಭಯವಾದೀತೇ ಹೊರತು ಸಂಯಮವಾಗಲಾರದು.

ಮಹಾರಾಷ್ಟ್ರ ಏನು ಮಾಡುತ್ತದೆ, ಕರ್ನಾಟಕದ ಘೋಷಣೆ ಎಷ್ಟರಮಟ್ಟಿಗೆ ತರಗತಿಯನ್ನು ಮುಟ್ಟುತ್ತದೆ ಎಂಬುದು ಸರ್ಕಾರಗಳ ಕೈಯಲ್ಲಿದೆ. ನಮ್ಮ ಮಕ್ಕಳು ತಮ್ಮ ಮೈಯನ್ನು ಕುರಿತು ತಾಯ್ನುಡಿಯಲ್ಲಿ ನಾಚದೆ ಒಂದು ಪ್ರಶ್ನೆ ಕೇಳುವಂತಾಗುವುದು ಮಾತ್ರ ನಮ್ಮ ಕೈಯಲ್ಲಿಯೇ ಇದೆ.