ಚಾಲೂ ಆಗದ ಪುಟ್ಟ ಎಂಜಿನು

ಮಾದರಿ ವಿಮಾನ ಹಾರಿಸುವುದು ದುಡ್ಡಿದ್ದವರ ಹವ್ಯಾಸವೆಂದು ಹೇಳುವುದುಂಟು. ಈಗ ಅದು ಪೂರ್ತಿ ನಿಜವಲ್ಲ. ಹೆಚ್ಚಿನವರು ಬ್ಯಾಟರಿಯ ಮೋಟಾರಿಗೆ ತಿರುಗಿಕೊಂಡಿರುವುದರಿಂದ, ಎಣ್ಣೆಯಿಂದ ನಡೆಯುವ ಹಳೆಯ ಪುಟ್ಟ ಎಂಜಿನು ಒಮ್ಮೊಮ್ಮೆ ಸುಲಭ ಬೆಲೆಗೆ ಕೈಗೆ ಬರುತ್ತದೆ. ಎನ್.ಸಿ.ಸಿ.ಯ ವಿಮಾನ ವಿಭಾಗದಲ್ಲಿದ್ದ ತರುಣರಿಗೆ ಇದು ಹೊಸದಲ್ಲ. ಆದರೆ ಸಂಬಳದಲ್ಲಿ ಉಳಿಸಿ ಕೊಂಡ ಎಂಜಿನು ಭಾನುವಾರದ ಮೈದಾನದಲ್ಲಿ ತೋಳು ಸೋಲುವವರೆಗೆ ತಿರುಗಿಸಿದರೂ ಚಾಲೂ ಆಗದಿದ್ದರೆ, ಮೋಸಹೋದೆವೆಂದು ಮೂಲೆಗೆ ಎಸೆಯುವವರೇ ಬಹಳ. ದೋಷವು ಬಹುಮಟ್ಟಿಗೆ ಎಂಜಿನಿನದಾಗಿರುವುದಿಲ್ಲ; ಎಣ್ಣೆಯದೋ ಪ್ಲಗ್ಗಿನದೋ ಆಗಿರುತ್ತದೆ.

ಕೈಯಲ್ಲಿರುವುದು ಯಾವ ಜಾತಿಯದೆಂದು ಮೊದಲು ನೋಡಿಕೊಳ್ಳಬೇಕು. ತಲೆಯ ಮೇಲೆ ಸಣ್ಣ ಪ್ಲಗ್ಗು ಇದ್ದು, ಕಿಡಿ ಕೊಡುವ ತಂತಿ ಇಲ್ಲದಿದ್ದರೆ ಅದು ಗ್ಲೋ ಎಂಜಿನು. ಪ್ಲಗ್ಗಿನ ಬದಲು ಅಡ್ಡಹಿಡಿಯ ತಿರುಪು ಇದ್ದರೆ ಡೀಸೆಲ್. ಒಂದರ ಎಣ್ಣೆ ಇನ್ನೊಂದಕ್ಕೆ ನಡೆಯದು. ಬಂಕಿನ ಪೆಟ್ರೋಲು, ಡೀಸೆಲ್ ಎರಡೂ ಇವಕ್ಕೆ ಬೇಡ.

ಗ್ಲೋ ಪ್ಲಗ್ಗನ್ನು 1947ರಲ್ಲಿ ಬಳಕೆಗೆ ತಂದವನು ಅಮೆರಿಕದ ರೇ ಆರ್ಡನ್. ಅದರೊಳಗೆ ಪ್ಲಾಟಿನಂ ಬೆರೆತ ಸಣ್ಣ ಸುರುಳಿ ತಂತಿ ಇದೆ. ಬ್ಯಾಟರಿಯಿಂದ ಅದನ್ನು ಕೆಂಪಗೆ ಕಾಯಿಸಿ ಎಂಜಿನನ್ನು ಚಾಲೂ ಮಾಡಿದ ಮೇಲೆ ಬ್ಯಾಟರಿಯನ್ನು ಕಳಚಿಬಿಡಬಹುದು. ಉರಿಯುವ ಬಿಸಿಯ ಜೊತೆಗೆ, ಮೆಥನಾಲಿನ ಆವಿಯು ಪ್ಲಾಟಿನಂ ತಾಗಿದಾಗ ಹುಟ್ಟುವ ಶಾಖವೂ ತಂತಿಯನ್ನು ಆರದಂತೆ ಇಡುತ್ತದೆ. ಪೆಟ್ರೋಲಿಗೆ ಈ ಗುಣವಿಲ್ಲ. ಆದ್ದರಿಂದಲೇ ಗ್ಲೋ ಎಂಜಿನಿಗೆ ಮೆಥನಾಲೇ ಮುಖ್ಯ ಆಹಾರ.

ಅದರೊಡನೆ ನೂರಕ್ಕೆ ಸುಮಾರು 20 ಭಾಗ ಎಣ್ಣೆ ಇರಬೇಕು. ಹಳೆಯ ಎಂಜಿನಿಗೆ ಹರಳೆಣ್ಣೆಯೇ ಲೇಸು. ನಮ್ಮ ಬಡಗಣ ಮಂದಿಯ ಔಡಲೆಣ್ಣೆ ಇದೇ. ಉಳಿದ ಅಡಿಗೆಯ ಎಣ್ಣೆಗಳು ಮೆಥನಾಲಿನಲ್ಲಿ ಬೆರೆಯವು, ಹರಳೆಣ್ಣೆ ಬೆರೆಯುತ್ತದೆ; ಬಿಸಿಯಲ್ಲೂ ಲೋಹದ ಮೇಲಿನ ಪದರವನ್ನು ಬಿಡದು. 1914-18ರ ಯುದ್ಧವಿಮಾನಗಳ ಸುತ್ತುವ ಎಂಜಿನುಗಳಿಗೂ ಇದನ್ನೇ ಹಾಕುತ್ತಿದ್ದರು. ಮೂರನೆಯದಾದ ನೈಟ್ರೊಮೀಥೇನು ಚಾಲೂ ಆಗುವುದನ್ನು ಸುಲಭಗೊಳಿಸುತ್ತದೆ, ಆದರೆ ದುಬಾರಿ. ಸಾಧಾರಣ ಎಂಜಿನಿಗೆ ನೂರಕ್ಕೆ 5ರಿಂದ 10 ಸಾಕು. ಕಾಕ್ಸ್ ಎಂಜಿನಿನಂಥ 0.8 ಸಿ.ಸಿ.ಯ ಮರಿಗಳು ಮಾತ್ರ 15ಕ್ಕಿಂತ ಹೆಚ್ಚು ಕೇಳುತ್ತವೆ.

ಮೆಥನಾಲು ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಮುಚ್ಚಳ ಸಡಿಲಾಗಿ ಅರ್ಧ ಖಾಲಿಯಾದ ಡಬ್ಬಿಯನ್ನು ನಂಬಬಾರದು. ಮೊದಲ ಸಂಶಯ ಇದರ ಮೇಲಿರಲಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕಾಗಿದೆ. ಮೆಥನಾಲು ವಿಷ. ಕಳ್ಳಭಟ್ಟಿ ಕುಡಿದು ಕಣ್ಣು ಕಳೆದುಕೊಂಡವರ, ಸತ್ತವರ ಸುದ್ದಿಗಳಲ್ಲಿ ಅನೇಕ ಸಲ ಬರುವುದು ಇದೇ. ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಇದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದೇ ಕಷ್ಟ. ನಾಲ್ಕು ಮಂದಿ ಇರುವ ಚಾಳದ ಕೋಣೆಯಲ್ಲಿ, ಒಲೆಯ ಪಕ್ಕದಲ್ಲಿ, ಷರಬತ್ತಿನ ಬಾಟಲಿಯಲ್ಲಿ ಇದನ್ನು ಇಡುವುದು ಮೂರ್ಖತನ. ಬೆರೆಸಿದ ಎಣ್ಣೆಯನ್ನೇ ಹವ್ಯಾಸದ ಅಂಗಡಿಯಿಂದ ಬೇಕಾದಷ್ಟೇ ಕೊಳ್ಳಿರಿ. ಬಿಡಿ ಮೆಥನಾಲು ತಂದು ನೀವೇ ಬೆರೆಸಲು ಹೋಗಬೇಡಿರಿ.

ಡೀಸೆಲಿನ ಎಣ್ಣೆ ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಹೆಚ್ಚುಕಡಿಮೆ ಸಮಪಾಲು. ಈಥರ್ 35 ಡಿಗ್ರಿ ಸೆಲ್ಸಿಯಸಿಗೇ ಕುದಿಯುವುದರಿಂದ ಬಿಸಿಲಲ್ಲಿಟ್ಟ ಬಾಟಲಿಯಿಂದ ಅದು ಹಾರಿಹೋಗುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ವ್ಯರ್ಥ. ಇದೂ ಬೆಂಕಿಗೆ ಹತ್ತಿರ ಸುಳಿಯಬಾರದ ಪದಾರ್ಥವೇ.

ಇನ್ನು ಗ್ಲೋ ಎಂಜಿನು ಹಟಹಿಡಿದಾಗ ಮಾಡುವುದೇನು? ಪ್ಲಗ್ಗನ್ನು ಕಳಚಿ ಬ್ಯಾಟರಿಗೆ ಸೇರಿಸಿ ನೋಡಿರಿ. ಸುರುಳಿ ಕಿತ್ತಳೆಗೆಂಪಾಗಿ ಹೊಳೆಯಬೇಕು. ಮಂಕಾಗಿದ್ದರೆ ಬ್ಯಾಟರಿ ಸೋತಿದೆ. ಹೊಳೆಯದಿದ್ದರೆ ತಂತಿ ಹರಿದಿದೆ. ಇದಕ್ಕೆ ಬೇಕಾದದ್ದು ಒಂದೂವರೆ ವೋಲ್ಟು, ಆದರೆ ಎರಡು ಮೂರು ಆಂಪಿಯರ್ ವಿದ್ಯುತ್ತು. ಗಡಿಯಾರದ ಸಣ್ಣ ಸೆಲ್ಲಿಗೆ ಅಷ್ಟು ಕಸುವಿಲ್ಲ. ಸ್ಕೂಟರಿನ 12 ವೋಲ್ಟಿನ ಬ್ಯಾಟರಿಗೆ ನೇರವಾಗಿ ಸೇರಿಸಿದರೆ ತಂತಿ ಕ್ಷಣದಲ್ಲಿ ಸುಡುತ್ತದೆ.

ಪ್ಲಗ್ಗು ಸರಿಯಿದ್ದು, ಎಂಜಿನು ಎರಡು ಕ್ಷಣ ಗುರ್ರೆಂದು ನಿಂತರೆ ಎಣ್ಣೆ ಬರುತ್ತಿಲ್ಲವೆಂದರ್ಥ. ಸೂಜಿತಿರುಪು ಮುಚ್ಚಿರಬಹುದು, ಕಸ ಕಟ್ಟಿರಬಹುದು, ರಬ್ಬರ್ ಕೊಳವೆ ಸೀಳಿ ಗಾಳಿ ಎಳೆಯುತ್ತಿರಬಹುದು. ಪ್ಲಗ್ಗಿನ ಬ್ಯಾಟರಿಯನ್ನು ತೆಗೆದು, ಗಾಳಿಯ ಬಾಯಿಗೆ ಬೆರಳಿಟ್ಟು ಪ್ರೊಪೆಲ್ಲರನ್ನು ಎರಡು ಮೂರು ಸುತ್ತು ತಿರುಗಿಸಿದರೆ ಕೊಳವೆಯಲ್ಲಿ ಎಣ್ಣೆ ಸಾಗುವುದು ಕಾಣಬೇಕು. ಹೀಗೆ ಅತಿಯಾಗಿ ಕುಡಿಸಿದರೆ ಬೇರೆ ತೊಂದರೆ. ಪಿಸ್ಟನಿನ ಮೇಲೆ ಎಣ್ಣೆ ತುಂಬಿ ಪ್ರೊಪೆಲ್ಲರು ಬಿಗಿಯಾಗಿ ನಿಲ್ಲುತ್ತದೆ. ಆಗ ಬಲ ಹಾಕಿದರೆ ಒಳಗಿನ ದಂಡ ಬಾಗುವುದು ನಿಶ್ಚಯ. ಪ್ಲಗ್ಗು ಬಿಚ್ಚಿ, ಎಂಜಿನನ್ನು ತಲೆಕೆಳಗೆ ಹಿಡಿದು, ಕೆಲವು ಸುತ್ತು ತಿರುಗಿಸಿ ಎಣ್ಣೆಯನ್ನು ಹೊರಹಾಕಿರಿ.

ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಎಂಜಿನು ಅಲುಗದಿದ್ದರೆ ಹರಳೆಣ್ಣೆ ಅಂಟಾಗಿ ಒಣಗಿದೆ ಎಂದು ತಿಳಿಯಿರಿ. ಎಣ್ಣೆಯ ಟ್ಯಾಂಕು ತೆಗೆದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೆ ಅದು ಸಡಿಲಾಗುತ್ತದೆ.

ಪ್ರೊಪೆಲ್ಲರನ್ನು ಬರಿಬೆರಳಿನಿಂದ ತಿರುಗಿಸುವ ಶೌರ್ಯ ಬೇಡ. ರಬ್ಬರ್ ಕೊಳವೆ ತೊಡಿಸಿದ ಕೋಲು ಸಾಕು. ಚಾಲೂ ಆದೊಡನೆ ಹಿಂದಕ್ಕೆ ಬಂದು, ಹಿಂದಿನಿಂದಲೇ ಬ್ಯಾಟರಿ ಕಳಚಿರಿ. ಸಂಜೆ ಮನೆಗೆ ಹೊರಡುವ ಮೊದಲು ಕೊಳವೆಯನ್ನು ಕಿತ್ತು ಒಳಗಿನ ಎಣ್ಣೆ ಮುಗಿಯುವವರೆಗೆ ಓಡಿಸಿ, ನಾಲ್ಕು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ತಿರುಗಿಸಿಟ್ಟರೆ ಒಳಗಿನ ಬೇರಿಂಗಿಗೆ ತುಕ್ಕು ಹತ್ತದು.