ಖಣದ ಕುರ್ತಾ ಫ್ಯಾಶನ್ ಆಯ್ತು, ಬಟ್ಟೆ ಯಾವ ಮಗ್ಗದ್ದು?

ಕೊಲ್ಹಾಪುರದ ಬಟ್ಟೆ ಅಂಗಡಿಗಳಲ್ಲಿ ಈಗ ಖಣದ ಕುರ್ತಾ, ಖಣದ ಗೌನ್, ಖಣದ ಪಟ್ಟಿ ಇಟ್ಟ ದುಪಟ್ಟಾ, ಖಣದ್ದೇ ಹ್ಯಾಂಡ್‌ಬ್ಯಾಗ್ ಎಲ್ಲ ಸಿಗ್ತದೆ. ಅಜ್ಜಿಯರ ಕುಪ್ಪಸದ ಬಟ್ಟೆ ಅಂತ ಮೂಲೆಗೆ ಬಿದ್ದದ್ದನ್ನು ಇವತ್ತು ಕಾಲೇಜು ಹುಡುಗಿಯರು ಹುಡುಕಿ ತೊಡುತ್ತಿದ್ದಾರೆ. ಆನ್‌ಲೈನ್‌ನಲ್ಲಿ ಮಂಗಳೂರಿಗೂ ಬಂದಿದೆ. ಬೂಟಿಕ್ ಅಥವಾ ಮನೆಯಿಂದಲೇ ವ್ಯಾಪಾರ ಶುರು ಮಾಡಬೇಕೆಂದಿರುವ ನಮ್ಮ ಯುವಕ ಯುವತಿಯರು ಈ ಬಟ್ಟೆಯ ಒಳಗಿನ ಲೆಕ್ಕ ತಿಳಿದುಕೊಳ್ಳುವುದು ಒಳ್ಳೆಯದು.

ಖಣ ಕೊಲ್ಹಾಪುರದ್ದಲ್ಲ. ಅದರ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಅಲ್ಲಿನ ನೇಕಾರರು ಕುಣಿಮಗ್ಗದಲ್ಲಿ ಕೂತು ನೇಯುವ ಈ ಬಟ್ಟೆಗೆ ಎರಡೂ ಬದಿ ಅಂಚು, ನಡುವೆ ಒತ್ತೊತ್ತಾಗಿ ಸಣ್ಣ ಬುಟ್ಟಿ. ತೇರು, ಆನೆ ಹೆಜ್ಜೆ, ಸೂರ್ಯನಾರಾಯಣ ಅಂತ ವಿನ್ಯಾಸಗಳಿಗೆ ಹೆಸರೂ ಉಂಟು. ಬುಟ್ಟಿ ಮೂಡಿಸಲು ಹಾಸಿನಲ್ಲೇ ಹೆಚ್ಚುವರಿ ಎಳೆಗಳನ್ನು ಕಟ್ಟಿರುತ್ತಾರೆ. ಮೇಲೆ ಛಾಪಿಸಿದ ಚಿತ್ರ ಅಲ್ಲ ಅದು, ಬಟ್ಟೆಯ ಒಡಲಿನಲ್ಲೇ ಹುಟ್ಟಿದ್ದು.

ಇದರ ದೊಡ್ಡ ಗಿರಾಕಿ ಮೊದಲಿಂದಲೂ ಮಹಾರಾಷ್ಟ್ರ. ಅಲ್ಲಿ ಖಣ ಮತ್ತು ತೆಂಗಿನಕಾಯಿ ಇಟ್ಟು ಹೆಂಗಸರ ಉಡಿ ತುಂಬುವ ಪದ್ಧತಿ ಇದೆ. ಒಂಬತ್ತು ಗಜದ ನವವಾರಿ ಸೀರೆಗೆ ಖಣದ ಕುಪ್ಪಸವೇ ಜೋಡಿ. ಇಳಕಲ್ ಸೀರೆಯೂ ಇದೇ ದಾರಿಯಲ್ಲಿ ಹೋಗಿ ಅಲ್ಲಿ ‘ಇರಕಲ್’ ಆಗಿದೆ. ಕನ್ನಡ, ಮರಾಠಿ ಎರಡೂ ಕೇಳಿಸುವ ಗಡಿಯ ಗಡಹಿಂಗ್ಲಜದಂಥ ಊರಿನಲ್ಲಿ ಇದು ಯಾವ ರಾಜ್ಯದ ಬಟ್ಟೆ ಅಂತ ಯಾರೂ ಕೇಳೋದಿಲ್ಲ.

ಈಗ ಹೊಸ ಫ್ಯಾಶನ್ ತಂದ ತೊಡಕು ನೋಡಿ. ಖಣ ನೇಯ್ದದ್ದೇ ಕುಪ್ಪಸಕ್ಕೆ ಬೇಕಾದ ಅಳತೆಯಲ್ಲಿ. ಅಗಲ 30 ಇಂಚಿನ ಆಸುಪಾಸು. ಮಾರುಕಟ್ಟೆಯ ಸಾಮಾನ್ಯ ಡ್ರೆಸ್ ಬಟ್ಟೆ 44 ಇಂಚು. 44 ಇಂಚಿನ ಬಟ್ಟೆಯಲ್ಲಿ ಎರಡೂವರೆ ಮೀಟರಿಗೆ ಮುಗಿಯುವ ಕುರ್ತಾಕ್ಕೆ ಕೈಮಗ್ಗದ ಖಣ ಮೂರೂವರೆ ಮೀಟರಿಗೂ ಜಾಸ್ತಿ ಬೇಕು. ಮೇಲಿಂದ ಅಂಚು ಅಡ್ಡ ಬರ್ತದೆ, ಜೋಡಣೆ ಕೊಡಬೇಕು, ಟೈಲರ್ ಮಜೂರಿಯೂ ಏರ್ತದೆ. ಹಾಗಾಗಿ ರೆಡಿಮೇಡ್ ಮಾಡುವವರು ಅದೇ ಬುಟ್ಟಿ, ಅದೇ ಬಣ್ಣ ಇರುವ ಅಗಲದ ಪವರ್‌ಲೂಮ್ ಬಟ್ಟೆ ಹುಡುಕ್ತಾರೆ. ಅದು ಹೆಚ್ಚಾಗಿ ಪಾಲಿಯೆಸ್ಟರ್. ಫ್ಯಾಶನ್ ಬೆಳೆದಷ್ಟೂ ಗುಳೇದಗುಡ್ಡಕ್ಕೆ ಆರ್ಡರ್ ಬರಬೇಕಿತ್ತು, ಆದರೆ ಅದರ ದೊಡ್ಡ ಪಾಲು ಬೇರೆ ಕಡೆ ಹೋಗುವುದು ಹೀಗೆ.

ಹಾಗಂತ ಪವರ್‌ಲೂಮ್‌ನವರನ್ನು ಬೈದು ಪ್ರಯೋಜನ ಇಲ್ಲ. ಕೊಲ್ಹಾಪುರದ ಪಕ್ಕದ ಇಚಲಕರಂಜಿಯನ್ನೇ ತಗೊಳ್ಳಿ. ಜಹಗೀರುದಾರ ನಾರಾಯಣರಾವ್ ಘೋರ್ಪಡೆ ಅವರ ಕಾಲದಲ್ಲಿ, 1904ರಲ್ಲಿ ವಿಠ್ಠಲರಾವ್ ದಾತಾರ್ ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಈಗ ಊರಿಗೇ ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಅನ್ನುವ ಹೆಸರು. ಆದರೆ ಅನೇಕ ಸಣ್ಣ ಮಾಲೀಕರದ್ದು ಜಾಬ್ ವರ್ಕ್. ವ್ಯಾಪಾರಿ ನೂಲು ಕೊಡ್ತಾನೆ, ಇವರು ನೇಯ್ದು ಪೈಸೆ ಲೆಕ್ಕದಲ್ಲಿ ಮಜೂರಿ ತಗೊಳ್ತಾರೆ. ಲಾಭ ಮಗ್ಗದ ಹತ್ತಿರ ನಿಲ್ಲೋದಿಲ್ಲ, ಅಲ್ಲೂ ಇಲ್ಲೂ.

ಕಾನೂನು ಇಲ್ವಾ ಅಂದ್ರೆ ಇದೆ. ಗುಳೇದಗುಡ್ಡ ಖಣಕ್ಕೂ ಇಳಕಲ್ ಸೀರೆಗೂ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ಮರಾಠಿಯಲ್ಲಿ ‘ಖಣ’ ಅಂದ್ರೆ ರವಿಕೆಯ ಬಟ್ಟೆ ಅಷ್ಟೇ. ಪಾಲಿಯೆಸ್ಟರ್ ತುಂಡನ್ನು ಖಣ ಅಂತ ಮಾರಿದವನು ಸುಳ್ಳು ಹೇಳಿದ ಹಾಗೂ ಆಗೋದಿಲ್ಲ. ಜಿಐ ಕಾಪಾಡುವುದು ‘ಗುಳೇದಗುಡ್ಡ ಖಣ’ ಎಂಬ ಪೂರ್ತಿ ಹೆಸರನ್ನು. ಆದ್ದರಿಂದ ಅಂಗಡಿಯಲ್ಲಿ ‘ಇದು ಖಣವಾ?’ ಅಂತ ಕೇಳಬೇಡಿ, ‘ಗುಳೇದಗುಡ್ಡದ ಕೈಮಗ್ಗದ್ದಾ? ಬಿಲ್ಲಿನಲ್ಲಿ ಹಾಗೆ ಬರೆದು ಕೊಡ್ತೀರಾ?’ ಅಂತ ಕೇಳಿ. ಅರ್ಧಕ್ಕರ್ಧ ಉತ್ತರ ಅಲ್ಲೇ ಗೊತ್ತಾಗ್ತದೆ.

ಹೆಸರಿಗೆ ಎಷ್ಟು ಬೆಲೆ ಅನ್ನೋದಕ್ಕೆ ಕೊಲ್ಹಾಪುರಿ ಚಪ್ಪಲಿಯೇ ಉದಾಹರಣೆ. 2019ರಲ್ಲಿ ಅದಕ್ಕೆ ಜಿಐ ಸಿಕ್ಕಿದ್ದು ಎರಡೂ ರಾಜ್ಯಗಳಿಗೆ ಜಂಟಿಯಾಗಿ. ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಅದರಲ್ಲಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್ ಶೋದಲ್ಲಿ ಅದನ್ನೇ ಹೋಲುವ ಚಪ್ಪಲಿ ತೋರಿಸಿ, ಮೂಲದ ಹೆಸರು ಹೇಳದೆ ಬಿಟ್ಟಿತ್ತು. ಗಲಾಟೆಯಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಬಂದ ಪ್ರೇರಣೆ ಅಂತ ಒಪ್ಪಿಕೊಂಡಿತು. ಖಣದ ವಿಷಯಕ್ಕೆ ಅಂಥ ಗಲಾಟೆ ಯಾರೂ ಮಾಡಿಲ್ಲ.

ಅಸಲಿ ಖಣ ಗುರುತಿಸಲು ಮೊದಲು ಬಟ್ಟೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಬುಟ್ಟಿಯ ಎಳೆಗಳು ಕಾಣದಿದ್ದರೆ ಅದು ಬರೀ ಪ್ರಿಂಟ್. ಎಳೆ ಕಂಡರೂ ಪವರ್‌ಲೂಮ್ ಇರಬಹುದು, ಹಾಗಾಗಿ ಹ್ಯಾಂಡ್‌ಲೂಮ್ ಮಾರ್ಕ್ ಇದೆಯಾ ನೋಡಿ. ಒಂದು ಎಳೆ ಕಿತ್ತು ಸುಟ್ಟರೆ ಹತ್ತಿ ಕಾಗದದ ಹಾಗೆ ಬೂದಿಯಾಗ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆ ಆಗ್ತದೆ.

ಇಡೀ ಡ್ರೆಸ್ಸನ್ನೇ ಖಣದಲ್ಲಿ ಹೊಲಿಸುವ ಹಠ ಬೇಡ. ಸಾದಾ ಹತ್ತಿಯ ಉದ್ದ ತೋಳಿನ ಕುರ್ತಾಕ್ಕೆ ಎದೆಭಾಗ ಮಾತ್ರ ಖಣದ್ದು ಇಡಬಹುದು. ಅಬಾಯಾದ ತೋಳಿನ ತುದಿಗೆ ನಾಲ್ಕು ಇಂಚಿನ ಪಟ್ಟಿ ಸಾಕು. ಅದಕ್ಕೆ 30 ಇಂಚಿನ ಅಗಲವೇ ಧಾರಾಳ, ಅಂಚನ್ನೂ ಕತ್ತರಿಸಿ ಎಸೆಯಬೇಕಾಗಿಲ್ಲ. ಹೊಲಿಸುವ ಮೊದಲು ಒಮ್ಮೆ ತಣ್ಣೀರಿನಲ್ಲಿ ಬೇರೆಯಾಗಿ ನೆನೆಸಿ ಒಣಗಿಸಿ. ಬಣ್ಣ ಬಿಡುವುದಿದ್ದರೆ ಆಗಲೇ ಬಿಡ್ತದೆ.