ಮರದಿಂದ ಕುಂಡಕ್ಕಿಳಿದ ಕಳ್ಳಿ

ಮಳೆಗಾಲದ ರಾತ್ರಿ ಅಕ್ಕಪಕ್ಕದವರನ್ನೆಲ್ಲ ಕರೆದು, ಅರಿಶಿನ ಕುಂಕುಮ ಏರಿಸಿ, ಆರತಿ ಎತ್ತಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವ ಬ್ರಹ್ಮಕಮಲ ಅಸಲಿಗೆ ಒಂದು ಕಳ್ಳಿ. ಸಸ್ಯವಿಜ್ಞಾನದಲ್ಲಿ ಅದರ ಹೆಸರು ಎಪಿಫಿಲ್ಲಮ್ ಆಕ್ಸಿಪೆಟಲಮ್. ಪಾಪಾಸುಕಳ್ಳಿ, ಡ್ರ್ಯಾಗನ್ ಫ್ರೂಟ್‌ಗಳದೇ ಕುಟುಂಬ. ಉತ್ತರಾಖಂಡದ ರಾಜ್ಯಪುಷ್ಪವಾದ ಹಿಮಾಲಯದ ಬ್ರಹ್ಮಕಮಲ ಬೇರೆ; ಅದು ಸೂರ್ಯಕಾಂತಿಯ ಬಳಗದ್ದು.

ಕಳ್ಳಿ ಎಂದೊಡನೆ ಮರುಭೂಮಿ ನೆನಪಾಗುತ್ತದೆ. ಆರೈಕೆ ಹಳಿ ತಪ್ಪುವುದೇ ಅಲ್ಲಿ. ಬ್ರಹ್ಮಕಮಲದ ತವರು ದಕ್ಷಿಣ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಕಾಡು. ಮಲೆನಾಡಿನ ಸೀತಾಳೆದಂಡೆಯ ಹಾಗೆ ಇದೂ ಮರದ ಕವಲಿನಲ್ಲಿ ಬೇರೂರುತ್ತದೆ. ಮರದ ರಸ ಹೀರುವುದಿಲ್ಲ; ಅಲ್ಲಿ ಸೇರಿದ ಕೊಳೆತ ಎಲೆ, ಸುರಿದ ಮಳೆನೀರು ಇಷ್ಟರಲ್ಲೇ ಬದುಕುತ್ತದೆ. ಅದಕ್ಕೇ ಕುಂಡಕ್ಕೆ ಬರೀ ಕೆಂಪುಮಣ್ಣು ತುಂಬಿದರೆ ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ಮಣ್ಣಿಗೆ ಎಲೆಗೊಬ್ಬರ, ತೆಂಗಿನನಾರಿನ ಪುಡಿ, ದಪ್ಪ ಮರಳು ಬೆರೆಸಿರಬೇಕು. ಹೊಯ್ದ ನೀರು ತಳದ ತೂತಿನಿಂದ ಬೇಗ ಬಸಿದುಹೋಗಬೇಕು. ಬೆಳಗಿನ ಎಳೆಬಿಸಿಲು ಇದಕ್ಕೆ ಹಿತ. ನಡುಹಗಲಿನ ಬಿಸಿಲಿಗೆ ಗಿಡ ಹಳದಿಗಟ್ಟುತ್ತದೆ, ತೀರಾ ನೆರಳಿನಲ್ಲಿ ಹಚ್ಚಗೆ ಬೆಳೆದರೂ ಹೂವಿಗೆ ಜಿಪುಣತನ ಮಾಡುತ್ತದೆ.

ಎಲೆಯಂತೆ ಕಾಣುವುದೂ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದರ ಅಂಚನ್ನು ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ಕಚ್ಚುಗಳು ಕಾಣುತ್ತವೆ. ಒಂದೊಂದು ಕಚ್ಚಿನಲ್ಲೂ ‘ಅರಿಯೋಲ್’ ಎಂಬ ಪುಟ್ಟ ಗಂಟಿದೆ. ಮಿಕ್ಕ ಕಳ್ಳಿಗಳಲ್ಲಿ ಮುಳ್ಳು ಹುಟ್ಟುವ ಜಾಗ ಇದೇ. ಬಲಿತ ಬ್ರಹ್ಮಕಮಲದಲ್ಲಿ ಇಲ್ಲಿಂದ ಹೊಸ ಕಾಂಡ ಚಿಗುರಬಹುದು, ಇಲ್ಲವೇ ಮೊಗ್ಗು ಮೂಡಬಹುದು.

ಮರದ ಕೊಂಬೆಯ ಮೇಲೆ ಮಳೆ ನಿಂತ ಸ್ವಲ್ಪ ಹೊತ್ತಿಗೇ ಎಲ್ಲ ಒಣಗುತ್ತದೆ. ಹಾಗಾಗಿ ನೀರಿನ ವಿಷಯದಲ್ಲಿ ಈ ಗಿಡ ಮರುಭೂಮಿಯ ನೆಂಟರ ಜಾಣತನವನ್ನು ಬಿಟ್ಟಿಲ್ಲ. ಹಗಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಬಿಸಿಲೇರಿದ ಮೇಲೆ ಸಕ್ಕರೆ ತಯಾರಿಸುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿದರೆ ಸಾಕು, ಚಳಿಗಾಲದಲ್ಲಿ ಇನ್ನೂ ಕಡಿಮೆ.

ಮೊಗ್ಗು ಮೊದಮೊದಲು ಕೆಳಕ್ಕೆ ಜೋತಿರುತ್ತದೆ. ಅರಳುವ ದಿನ ಹತ್ತಿರವಾದಂತೆ ಅದರ ಉದ್ದನೆಯ ಕೊಳವೆ ಕೊಕ್ಕೆಯಾಗಿ ಬಾಗಿ, ತುದಿ ಮೇಲೇಳುತ್ತದೆ. ಆ ಸಂಜೆ ಹೊರಗಿನ ನಸುಗೆಂಪು ಎಸಳುಗಳು ಸಡಿಲವಾದರೆ ರಾತ್ರಿ ನಿದ್ದೆಗೆಡಲು ಸಿದ್ಧರಾಗಬಹುದು. ಕತ್ತಲಾದ ಮೇಲೆ ಬಿರಿಯತೊಡಗಿದ ಹೂ ನಡುರಾತ್ರಿಯ ಹೊತ್ತಿಗೆ ಪೂರ್ತಿ ತೆರೆದಿರುತ್ತದೆ, ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ. ಬಿಳುಪು, ಗಾಢ ಪರಿಮಳ, ಕೊಳವೆಯ ತಳದ ಮಕರಂದ ಇವೆಲ್ಲ ಉದ್ದ ಸೊಂಡಿಲಿನ ನಿಶಾಚರಿ ಹಾಕ್ ಪತಂಗಗಳಿಗೆ ಕೊಟ್ಟ ಕರೆ. ಪರಾಗ ಸಾಗಿಸುವವರು ಬರುವುದೇ ರಾತ್ರಿ. ಹಗಲಿಡೀ ಅಷ್ಟಗಲದ ತೆಳು ಎಸಳುಗಳಿಗೆ ನೀರು ಪೂರೈಸಿ ಗಿಡಕ್ಕೆ ಆಗಬೇಕಾದದ್ದೇನೂ ಇಲ್ಲ.

ವರ್ಷಗಳಾದರೂ ಹೂ ಬಿಡದ ಗಿಡಕ್ಕೆ ಅನೇಕರು ಇನ್ನಷ್ಟು ಗೊಬ್ಬರ ಹಾಕುತ್ತಾರೆ. ಸಾರಜನಕ ಹೆಚ್ಚಾದರೆ ಕಾಂಡ ಕೊಬ್ಬುತ್ತದೆ, ಮೊಗ್ಗು ಹಿಂದೆ ಬೀಳುತ್ತದೆ. ತೀರಾ ದೊಡ್ಡ ಕುಂಡವೂ ಬೇಡ, ಬೇರು ತುಸು ಒತ್ತೊತ್ತಾಗಿದ್ದರೇ ಒಳ್ಳೆಯದು. ಮೊಗ್ಗು ಮೂಡಿದ ಮೇಲೆ ಕುಂಡವನ್ನು ಆಚೀಚೆ ಎಳೆದಾಡಿದರೆ ಉದುರಿಹೋಗುವುದುಂಟು. ಹೂ ಬಾಡಿದ ಮೇಲೆ ಆ ಕಾಂಡವನ್ನು ಕತ್ತರಿಸಬಾರದು: ಒಮ್ಮೆ ಹೂ ಕೊಟ್ಟ ಗಂಟು ಸಾಮಾನ್ಯವಾಗಿ ಮತ್ತೆ ಕೊಡದಿದ್ದರೂ, ಅದೇ ಅಂಚಿನ ಉಳಿದ ಗಂಟುಗಳ ಸರದಿ ಇನ್ನೂ ಬಾಕಿಯಿರುತ್ತದೆ.